ಉಡದ ಅಂಗಾಲು

ಫಕೀರಪ್ಪನ ಎಡಗಾಲಿನ ಚಪ್ಪಲಿ ಹತ್ತು ಹೆಜ್ಜೆ ಹಿಂದೆಯೇ ಕೆಮ್ಮಣ್ಣಿನಲ್ಲಿ ಉಳಿದುಬಿಟ್ಟಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಗಣಿಗಾಗಿ ಬೆಟ್ಟವನ್ನು ಹಂತಹಂತವಾಗಿ ಕಡಿದ ಯಾವ ಮೆಟ್ಟಿಲಲ್ಲಿ ಎಂಥ ಅದಿರು ಸಿಗುತ್ತಿತ್ತು, ಮಳೆಗಾಲದಲ್ಲಿ ಯಾವ ಅಂಚು ಕುಸಿಯುತ್ತಿತ್ತು ಎಂದು ಕೈ ತೋರಿಸಿ ಹೇಳುತ್ತಲೇ ಮುಂದೆ ಹೋಗುತ್ತಿದ್ದ. ಹಿಂದೆ ಬರುತ್ತಿದ್ದ ಸುನೇತ್ರಾ ಚೌಗಲೆ ಚಪ್ಪಲಿಯನ್ನು ನೋಡಿದಳು, ಆಮೇಲೆ ಅವನ ಬರಿಗಾಲನ್ನು ನೋಡಿದಳು. ಏಪ್ರಿಲ್ ತಿಂಗಳು, ಹನ್ನೊಂದು ಗಂಟೆಯ ಬಿಸಿಲು. ನೆಲ ರೊಟ್ಟಿಯ ಹೆಂಚಿನಂತೆ ಕಾದಿತ್ತು.

"ಫಕೀರಪ್ಪಾರ, ಕಾಲು ಸುಡವಲ್ದೇನ್ರಿ?"

ಅವನು ನಿಂತು ಕೆಳಗೆ ನೋಡಿದ. ನಾಚಿಕೊಂಡವನಂತೆ ಹಿಂದಿರುಗಿ ಹೋಗಿ ಚಪ್ಪಲಿ ಮೆಟ್ಟಿದ. ಮೆಟ್ಟುವಾಗಲೂ ಬಗ್ಗಿ, ಬೆರಳು ಪಟ್ಟಿಯೊಳಗೆ ಹೋಯಿತೇ ಎಂದು ಕಣ್ಣಿಂದಲೇ ಖಾತ್ರಿ ಮಾಡಿಕೊಂಡ.

"ಗೊತ್ತಾಗೂದಿಲ್ರಿ ಮೇಡಂ. ಒಂಬತ್ತು ವರ್ಷಾತು. ಮೊಣಕಾಲಿನ ಕೆಳಗ ಕಾಲು ಅದಾವು, ಆದ್ರ ಇಲ್ಲ."

ಸಂಡೂರಿನ ಬೆಟ್ಟಗಳ ಆ ಗಣಿಯಲ್ಲಿ ಫಕೀರಪ್ಪ ಹನ್ನೆರಡು ವರ್ಷ ಅದಿರು ಸಾಗಿಸುವ ಡಂಪರ್ ಓಡಿಸಿದ್ದ. ಗಣಿ ಮುಚ್ಚುವ ಹಿಂದಿನ ವರ್ಷ ಅವನ ಡಂಪರ್ ಮೆಟ್ಟಿಲಿನಿಂದ ಕೆಳಗುರುಳಿತು. ಬೆನ್ನುಹುರಿಗೆ ಪೆಟ್ಟು ಬಿತ್ತು. ಎರಡು ವರ್ಷದ ಚಿಕಿತ್ಸೆಯ ನಂತರ ಕಾಲುಗಳಿಗೆ ಬಲ ಬಂತು, ಸ್ಪರ್ಶ ಬರಲಿಲ್ಲ. ಕಾಲನ್ನು ನೋಡಿಕೊಂಡರೆ ನಡೆಯಬಲ್ಲ, ನೋಡದಿದ್ದರೆ ಎಡವುತ್ತಾನೆ. ಕತ್ತಲಾದ ಮೇಲೆ ಹೊರಗೆ ಹೋಗುವುದನ್ನೇ ಬಿಟ್ಟಿದ್ದ.

ಈಗ ಆ ಮುಚ್ಚಿದ ಗಣಿಯನ್ನು ವಾಹನ ತಯಾರಿಸುವ ಕಂಪನಿಯೊಂದು ಪರೀಕ್ಷೆಯ ಮೈದಾನಕ್ಕಾಗಿ ಗುತ್ತಿಗೆಗೆ ಪಡೆದಿತ್ತು. ಅವರು ಮಾಡಲು ಹೊರಟದ್ದು ಆಟದ ಗಾಡಿ: ನಾಲ್ಕು ದಪ್ಪ ಚಕ್ರ, ಬೈಕಿನಂಥ ಹ್ಯಾಂಡಲ್, ಇಬ್ಬರು ಕೂರುವ ಸೀಟು, ಬ್ಯಾಟರಿ. ರಸ್ತೆಯಿಲ್ಲದ ಕಡೆ, ಕಲ್ಲು ಮರಳು ಕೆಸರಿನ ಮೇಲೆ, ಸಾಹಸದ ಹುಚ್ಚಿರುವವರು ಪಂದ್ಯಕ್ಕೆ ಓಡಿಸುವ ಗಾಡಿ. ಹೆಸರು 'ಉಡ'. ಗೋಡೆಗೆ ಪಟ್ಟು ಹಿಡಿದರೆ ಬಿಡದ ಪ್ರಾಣಿಯ ಹೆಸರನ್ನು ಇಟ್ಟದ್ದು ಸುನೇತ್ರಾಳೇ. ಬೆಳಗಾವಿ ಕಡೆಯ ಅವಳು ಆ ಗಾಡಿಯ ಚಕ್ರಗಳ ಎಂಜಿನಿಯರ್. ಫಕೀರಪ್ಪನನ್ನು ಕರೆಸಿದ್ದು ದಾರಿ ಗುರುತು ಹಾಕಿಕೊಡಲಿಕ್ಕೆ ಮಾತ್ರ. ಆದರೆ ಆ ಚಪ್ಪಲಿ ನೋಡಿದ ದಿನ ಅವಳಿಗೆ ಊಟ ಸೇರಲಿಲ್ಲ.

ಉಡದ ಚಕ್ರಗಳಲ್ಲಿ ಒಂದು ವಿಶೇಷವಿತ್ತು. ರಬ್ಬರಿನೊಳಗೆ ಕೂದಲಿಗಿಂತ ತೆಳುವಾದ ಎಳೆಗಳು, ಒಂದೊಂದು ಟೈರಿಗೆ ಒಂಬತ್ತು ಸಾವಿರ. ಅದುಮಿದರೆ, ಎಳೆದರೆ, ತಿರುಚಿದರೆ ಆ ಎಳೆಯಲ್ಲಿ ಒಂದು ಚೂರು ವಿದ್ಯುತ್ ಹುಟ್ಟುತ್ತದೆ. ಗಾಡಿಯ ಕಂಪ್ಯೂಟರ್ ಅದನ್ನು ಓದಿ, ಯಾವ ಚಕ್ರಕ್ಕೆ ಎಷ್ಟು ಬಲ ಬೇಕೆಂದು ಗಳಿಗೆಗೊಮ್ಮೆ ತೀರ್ಮಾನಿಸಬೇಕು. ಆದರೆ ಕಂಪ್ಯೂಟರ್ ಮಂದ ವಿದ್ಯಾರ್ಥಿಯಾಗಿತ್ತು. ನೆಲ ಮೆತ್ತಗೋ ಗಟ್ಟಿಯೋ ಎಂದು ಹೇಳುತ್ತಿತ್ತೇ ಹೊರತು, ನಂಬಬಹುದಾದ ನೆಲ ಯಾವುದು, ಮೋಸದ ನೆಲ ಯಾವುದು ಎಂದು ಅದಕ್ಕೆ ತಿಳಿಯುತ್ತಿರಲಿಲ್ಲ.

ಈ ಎಳೆಗಳನ್ನು ಸುನೇತ್ರಾ ಮೊದಲು ಹೆಣೆದದ್ದು ಗಾಡಿಗಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗಾಗಿ ಅವಳೊಂದು ಬೂಟು ಮಾಡಲು ಹೊರಟಿದ್ದಳು. ನಡೆದಾಗ ಬೂಟು ಮಡಚುತ್ತದೆ, ಮಡಚಿದಲ್ಲಿ ಎಳೆ ತುಂಡಾಗುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ಅದು ಬದುಕಲಿಲ್ಲ. ಚಕ್ರ ಮಡಚುವುದಿಲ್ಲ, ಉರುಳುತ್ತದೆ. ಹಾಗಾಗಿ ಚಕ್ರದವರು ಕರೆದಾಗ ಬೂಟನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬಂದಿದ್ದಳು.

ಮರುದಿನ ಅವಳು ಫಕೀರಪ್ಪನನ್ನು ಕೇಳಿದಳು: "ಚಕ್ರದ ಎಳಿಗೋಳು ಹೇಳೂ ಮಾತನ್ನ ಕಂಪ್ಯೂಟರಿಗೆ ಕೊಡೂ ಬದ್ಲಿ ನಿಮ್ಮ ನರಕ್ಕ ಕೊಟ್ರ ಹೆಂಗ?"

"ನೋವಾಗತೈತೇನ್ರಿ?"

"ಆಗಬಹುದು."

"ಹಂಗಾರ ಕೊಡ್ರಿ," ಎಂದ ಫಕೀರಪ್ಪ.

*

ತೊಡೆಗಳಿಗೆ ಕಟ್ಟುವ ಎರಡು ಪಟ್ಟಿಗಳು. ಒಳಗೆ ಕಾಸಿನಗಲದ ಬಿಲ್ಲೆಗಳ ಸಾಲು. ಮುಂದಿನ ಚಕ್ರಗಳು ಮುಟ್ಟಿದ್ದು ಪಟ್ಟಿಯ ಮುಂಭಾಗದಲ್ಲಿ, ಹಿಂದಿನ ಚಕ್ರಗಳು ಮುಟ್ಟಿದ್ದು ಹಿಂಭಾಗದಲ್ಲಿ ಸಣ್ಣ ಮಿಡಿತವಾಗಿ ಬರುತ್ತಿತ್ತು. ಬ್ರೇಕು, ವೇಗ ಎಲ್ಲವೂ ಕೈಯಲ್ಲೇ ಇದ್ದುದರಿಂದ ಗಾಡಿ ಓಡಿಸಲು ಅವನ ಕಾಲಿನ ಹಂಗು ಬೇಕಿರಲಿಲ್ಲ.

ಮೊದಲ ದಿನ ಇರುವೆ ಹರಿದಂತೆ ಆಯಿತು. ಎರಡನೆಯ ದಿನವೂ ಇರುವೆ. ವಾರ ಕಳೆಯಿತು, ಇರುವೆಗಳೇ. ಸುನೇತ್ರಾ ಮಾತ್ರ ಬಿಡಲಿಲ್ಲ. "ಮೆದುಳಿಗೆ ಹೊಸ ಭಾಷಿ ಇದು. ಕಿವಿ ತುಂಬ ಕೇಳಿಸ್ಕೊಂಡ್ರ ಒಂದಿನ ತಾನಾಗೇ ಅರ್ಥ ಆಗತದ," ಎನ್ನುತ್ತಿದ್ದಳು.

ಇಪ್ಪತ್ತನೆಯ ದಿನ ಬೆಳಿಗ್ಗೆ, ಗಣಿಯ ಮೂರನೆಯ ಮೆಟ್ಟಿಲಿನ ಅದಿರು ಪುಡಿಯ ಮೇಲೆ ಹೋಗುತ್ತಿದ್ದಾಗ ಇರುವೆಗಳು ನಿಂತುಹೋದವು. ಪಟ್ಟಿ ಕೆಟ್ಟಿತೆಂದುಕೊಂಡು ಅವನು ವೇಗ ಇಳಿಸಿದ. ಆಗ ತೊಡೆಯಲ್ಲಲ್ಲ, ತುಂಬ ಕೆಳಗೆ, ಒಂಬತ್ತು ವರ್ಷದಿಂದ ಏನೂ ಇಲ್ಲದಿದ್ದ ಜಾಗದಲ್ಲಿ, ಹಿಟ್ಟಿನಂಥದ್ದೇನೋ ಬೆರಳಸಂದಿಯಿಂದ ನುಸುಳಿತು. ನಯವಾಗಿತ್ತು. ಅದರಡಿಯಲ್ಲಿ ಒಂದು ದುಂಡನೆಯ ಕಲ್ಲು ಹಿಮ್ಮಡಿಗೆ ತಾಗಿ ಸರಿದುಹೋಯಿತು.

ಗಾಡಿ ನಿಂತಿತು. ನಿಯಂತ್ರಣ ಕೊಠಡಿಯಿಂದ ಸುನೇತ್ರಾ ರೇಡಿಯೋದಲ್ಲಿ ಕೇಳಿದಳು: "ಯಾಕ ನಿಂತ್ರಿ?"

ಪರದೆಯಲ್ಲಿ ಗಾಡಿ ಒಂದು ಗೇಣು ಹಿಂದೆ ಸರಿದು, ಮತ್ತೆ ಮುಂದೆ ಬಂದು ನಿಂತಿತು.

"ಫಕೀರಪ್ಪಾರ?"

"ಏನಿಲ್ರಿ," ಎಂದಿತು ಕಡೆಗೂ ದನಿ. "ಮಣ್ಣಾಗ ನಿಂತೀನಿ."

ಅವನಿದ್ದದ್ದು ಗಾಡಿಯ ಸೀಟಿನ ಮೇಲೆ. ಎರಡೂ ಪಾದ ಕಾಲಿಡುವ ಹಲಗೆಯ ಮೇಲಿದ್ದವು. ಪರದೆಯಲ್ಲಿ ಅದನ್ನು ನೋಡುತ್ತಿದ್ದ ಸುನೇತ್ರಾ ಮೈಕು ಆರಿಸಿ, ಕನ್ನಡಕ ತೆಗೆದು ಒರೆಸಿಕೊಂಡಳು.

ಅಂದಿನಿಂದ ಫಕೀರಪ್ಪನಿಗೆ ದಿನಗಳು ಹಗುರಾದವು. ಕೆಂಪು ಮೆಟ್ಟಿಲುಗಳ ಆ ಬೆಟ್ಟ ಅವನ ಕಾಲಡಿಯಲ್ಲಿ ಒಂದು ದೊಡ್ಡ ಮೈಯಂತೆ ಮಲಗಿರುತ್ತಿತ್ತು. ಬೆಳಗಿನ ಹೊತ್ತು ಅದು ಬಿಗಿಯಾಗಿರುತ್ತಿತ್ತು, ಮಧ್ಯಾಹ್ನ ಸಡಿಲಾಗುತ್ತಿತ್ತು. ಗರಿಕೆಯ ಮೇಲೆ ಹಾದರೆ ಕಚಗುಳಿಯಾಗಿ ಒಬ್ಬನೇ ನಗುತ್ತಿದ್ದ. ಮಗುವಾಗಿದ್ದಾಗ ಅಂಗಳದ ಸೆಗಣಿ ಸಾರಿಸಿದ ನೆಲದ ಮೇಲೆ ಓಡಿದ್ದು, ಹಳ್ಳದ ಪಾಚಿಯಲ್ಲಿ ಜಾರಿದ್ದು, ಯಾವುದೂ ಹೋಗಿರಲಿಲ್ಲ. ಎಲ್ಲ ಒಳಗೆಲ್ಲೋ ಕಾದು ಕೂತಿದ್ದವು. ನಿದ್ದೆಯಲ್ಲೂ ನಡೆಯುತ್ತಿದ್ದ. ಕನಸಿನಲ್ಲಿ ಅವನಿಗೆ ನಾಲ್ಕು ಕಾಲುಗಳಿದ್ದವು, ನಾಲ್ಕೂ ಅವನವೇ.

ಹೆಂಡತಿ ಹುಲಿಗೆಮ್ಮನಿಗೆ ಈ ಮಾತು ರುಚಿಸಲಿಲ್ಲ. ಅವಳು ಊರಿನ ಅಂಗನವಾಡಿಯ ಟೀಚರು. ಸಂಜೆ ಮನೆಗೆ ಬಂದೊಡನೆ ಗಂಡನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು, ಮುಳ್ಳು ಹೊಕ್ಕಿದೆಯೇ, ಬೊಬ್ಬೆ ಎದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ಅವಳ ನಿತ್ಯದ ಕೆಲಸ. ಅವನಿಗೆ ಗೊತ್ತಾಗದ ಗಾಯ ಎರಡು ಸಲ ಕೀವು ತುಂಬಿ ಆಸ್ಪತ್ರೆ ಸೇರಿಸಿತ್ತು.

"ಇಲ್ಲಿ ಗಾಜಿನ ಚೂರು ಹೊಕ್ಕೈತಿ. ಇದು ಗೊತ್ತಾತೇನು ನಿಮಗ?" ಎಂದಳು ಒಂದು ಸಂಜೆ, ಚಿಮ್ಮಟದಿಂದ ಕೀಳುತ್ತ.

"ಇಲ್ಲ."

"ಮತ್ತ ಗಾಡಿ ಗಾಲಿಗಿ ಕಲ್ಲು ಚುಚ್ಚಿದ್ದು ಗೊತ್ತಾಗತೈತಿ ಅಂತೀರಿ. ನಿಮ್ಮ ಕಾಲು ಇಲ್ಲೈತಿ, ನನ್ನ ತೊಡಿ ಮ್ಯಾಲ. ಆಸಿ ಹಚ್ಚಿ ಒಂದಿನ ಕಸ್ಕೊಂಡು ಹೋಗತಾರ ಅವ್ರು. ಆಮ್ಯಾಲ?"

ಅವಳು ಗಾಯಕ್ಕೆ ಅರಿಶಿನ ಹಚ್ಚಿದ್ದು ಅವನಿಗೆ ತಿಳಿಯಲೂ ಇಲ್ಲ.

*

ನಿಯಂತ್ರಣ ಕೊಠಡಿಯೆಂದರೆ ಹಳೆಯ ಗಣಿಯ ತೂಕದ ಕಟ್ಟೆಯ ಪಕ್ಕದ ತಗಡಿನ ಶೆಡ್ಡು. ಅಲ್ಲಿನ ಪರದೆಗಳಲ್ಲಿ ಪ್ರತಿ ಸುತ್ತಿನ ಸಮಯ ಮೂಡುತ್ತಿತ್ತು. ಇಡೀ ಯೋಜನೆಯ ಮುಖ್ಯಸ್ಥ ಪ್ರಾಣೇಶ ಕಟ್ಟಿ, ಹಿಂದೆ ತಾನೇ ಮೋಟಾರು ಪಂದ್ಯಗಳಲ್ಲಿ ಓಡಿಸಿದವನು, ಮೇ ತಿಂಗಳ ಕೊನೆಗೆ ಆ ಅಂಕಿಗಳನ್ನು ಸುನೇತ್ರಾಳ ಮುಂದಿಟ್ಟ.

"ನಿಮ್ಮ ಮನುಷ್ಯ ದಿನಾ ನಿಧಾನ ಆಗಲಿಕ್ಹತ್ಯಾನ. ನೇರ ದಾರಿ ಬಿಟ್ಟು ಹುಲ್ಲು ಇದ್ದಲ್ಲೆ ಹೋಗ್ತಾನ. ಆರನೇ ತಿರುವಿನ್ಯಾಗ ಪ್ರತಿ ಸಲ ಮೂರು ಸೆಕೆಂಡು ಕಳೀತಾನ."

ಫಕೀರಪ್ಪನನ್ನೇ ಕರೆದು ಕೇಳಿದರು.

"ಅಲ್ಲಿ ಬೆಣಚುಕಲ್ಲು ಅದಾವ್ರಿ ಸಾಹೇಬ್ರ. ಚೂಪದಾವು. ನೋಯತೈತಿ."

"ನೋವು ನಿಮಗೋ ಗಾಡಿಗೋ?"

ಫಕೀರಪ್ಪ ಯೋಚಿಸಿದ. "ಬ್ಯಾರೆ ಬ್ಯಾರೆ ಅಂತ ಅನಸೂದಿಲ್ರಿ."

ಪ್ರಾಣೇಶ ಕೆಟ್ಟವನಲ್ಲ. ಅಂಕಿ ಸುಳ್ಳು ಹೇಳುವುದಿಲ್ಲ ಎಂದು ನಂಬಿದವನು, ಅಷ್ಟೆ. ಪಂದ್ಯದ ಗಾಡಿಗೆ ವೇಗವೇ ಉಸಿರು ಎಂದ. ಸುನೇತ್ರಾ ಬೇರೆ ಅಂಕಿ ತೋರಿಸಿದಳು: ಅದೇ ದಾರಿಯಲ್ಲಿ ಉಳಿದವರು ಓಡಿಸಿದಾಗ ಟೈರು ಮುನ್ನೂರು ಕಿಲೋಮೀಟರಿಗೆ ಹರಿಯುತ್ತದೆ, ಫಕೀರಪ್ಪನ ಟೈರು ಎಂಟುನೂರು ದಾಟಿದೆ, ಬ್ಯಾಟರಿಯೂ ಐದರಲ್ಲಿ ಒಂದು ಪಾಲು ಉಳಿಯುತ್ತದೆ. ಇಬ್ಬರೂ ಸೋಲಲಿಲ್ಲ. ಕೊನೆಗೆ ಪ್ರಾಣೇಶನೇ ಒಂದು ದಾರಿ ಹೇಳಿದ. ಜುಲೈ ತಿಂಗಳಲ್ಲಿ ಮೂವತ್ತು ಸುತ್ತಿನ, ತೊಂಬತ್ತು ಕಿಲೋಮೀಟರಿನ ಓಟ. ಒಂದು ಗಾಡಿ ಪಟ್ಟಿಯಿಲ್ಲದ್ದು, ಅದನ್ನು ಓಡಿಸಲು ಮಂಗಳೂರಿನ ಚಾಂಪಿಯನ್ ಮೆಲ್ವಿನ್. ಇನ್ನೊಂದು ಪಟ್ಟಿಯಿರುವುದು, ಫಕೀರಪ್ಪ. ನೆಟ್ಟ ಬಾವುಟಗಳನ್ನು ಮುಟ್ಟಿದರೆ ಸಾಕು, ನಡುವೆ ಯಾವ ದಾರಿಯಾದರೂ ಸರಿ. ಐದು ನಿಮಿಷಕ್ಕಿಂತ ಹಿಂದೆ ಬಿದ್ದರೆ ಪಟ್ಟಿಯ ಕೆಲಸ ಅಲ್ಲಿಗೆ ಮುಗಿಯಿತು.

"ಗಡಿಯಾರ ಹೇಳಲಿ," ಎಂದ.

*

ಓಟಕ್ಕೆ ಮುಂಚಿನ ಭಾನುವಾರ ಫಕೀರಪ್ಪ ಹುಲಿಗೆಮ್ಮನನ್ನು ಒತ್ತಾಯ ಮಾಡಿ ವರ್ಕ್‌ಶಾಪಿಗೆ ಕರೆದುಕೊಂಡು ಬಂದ. ಅವಳು ದೂರವೇ ನಿಂತು, ಕೈ ಕಟ್ಟಿಕೊಂಡು, ಗಾಡಿಯನ್ನು ಯಾರೋ ಪರಸ್ತ್ರೀಯನ್ನು ನೋಡುವಂತೆ ನೋಡಿದಳು. ಸುನೇತ್ರಾ ಅವನ ತೊಡೆಗೆ ಪಟ್ಟಿ ಬಿಗಿದು, ಹುಲಿಗೆಮ್ಮನಿಗೆ, "ಅಕ್ಕಾರ, ಎಡಗಡೆ ಗಾಲಿ ಮ್ಯಾಲೆ ಕೈ ಇಡ್ರಿ. ಅವ್ರು ನಿಮ್ಮನ್ನ ನೋಡಂಗಿಲ್ಲ," ಎಂದಳು.

ಫಕೀರಪ್ಪ ಸೀಟಿನಲ್ಲಿ ಕೂತು ಗೋಡೆಯ ಕಡೆ ಮುಖ ತಿರುಗಿಸಿದ. ಹುಲಿಗೆಮ್ಮ ಹಿಂಜರಿಯುತ್ತ ಬಂದು, ಬಗ್ಗಿ, ಮುಂದಿನ ಎಡಚಕ್ರವನ್ನು ಅಂಗೈಯಿಂದ ಸವರಿದಳು.

"ಬೆರಳಿಗಿ ಏನಾತು?" ಎಂದ ಅವನು ಗೋಡೆಗೇ ಮುಖವಿಟ್ಟು. "ತೋರಬೆರಳಿಗಿ. ಅರಿವಿ ಸುತ್ತೀ."

ಅವಳ ಬಲಗೈಯ ತೋರಬೆರಳಿಗೆ ಬಟ್ಟೆಯ ಸಣ್ಣ ಕಟ್ಟಿತ್ತು. ಬೆಳಿಗ್ಗೆ ಈಳಿಗೆ ತಗುಲಿ ಕೊಯ್ದದ್ದು, ಅವನಿಗೆ ಹೇಳಿರಲಿಲ್ಲ.

"ಬದನಿಕಾಯಿ ಹೆಚ್ಚೂ ಮುಂದ," ಎಂದಳು. ದನಿ ಸಣ್ಣದಾಗಿತ್ತು. ಕೈಯನ್ನು ಮಾತ್ರ ತೆಗೆಯಲಿಲ್ಲ. ಚಕ್ರದ ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ, ದಿನವೂ ಪಾದ ನೋಡುವ ಅದೇ ಬಗೆಯಲ್ಲಿ ಸವರುತ್ತ ಕೂತಳು. ಸುನೇತ್ರಾ ಚಹಾ ತರುವ ನೆಪ ಮಾಡಿ ಹೊರಗೆ ಹೋದಳು.

ಮನೆಗೆ ಹೋಗುವ ದಾರಿಯಲ್ಲಿ ಹುಲಿಗೆಮ್ಮ ಒಂದೇ ಮಾತು ಹೇಳಿದಳು: "ಗೆಲ್ರಿ ಮತ್ತ."

*

ಓಟದ ದಿನ ಮೋಡ ತೆಳ್ಳಗೆ ಹರಡಿತ್ತು. ಹಿಂದಿನ ವಾರ ಎರಡು ಸಲ ಹನಿದಿದ್ದರಿಂದ ಧೂಳಿರಲಿಲ್ಲ. ಮೆಲ್ವಿನ್ ಇಪ್ಪತ್ತಾರರ ಹುಡುಗ, ನಗುಮುಖದವನು, ಹೊರಡುವ ಮುನ್ನ ಫಕೀರಪ್ಪನ ಕೈ ಕುಲುಕಿ, "ನೀವು ಕಾಲಲ್ಲೇ ನೋಡುವುದಂತೆ ಮಾರಾಯ್ರೆ. ನನಗೆ ಕಣ್ಣು ಮಾತ್ರ ಇರುವುದು," ಎಂದ.

ಆ ಕಣ್ಣೇ ಅವನಿಗೆ ಸಾಕಾಗಿತ್ತು. ಹದಿನಾರು ಸುತ್ತಾಗುವ ಹೊತ್ತಿಗೆ ಮೆಲ್ವಿನ್ ಮೂರು ನಿಮಿಷ ಮುಂದಿದ್ದ. ಹೆಚ್ಚಿನ ಲಾಭ ಅವನಿಗೆ ಏಳನೆಯ ಮತ್ತು ಎಂಟನೆಯ ಬಾವುಟದ ನಡುವೆ ಸಿಗುತ್ತಿತ್ತು. ಅಲ್ಲೊಂದು ಹಳೆಯ ಹೊಂಡ: ಅದಿರು ತೊಳೆದ ನೀರನ್ನು ಬಿಡುತ್ತಿದ್ದ ಜಾಗ. ನೀರು ಆರಿ, ನುಣ್ಣನೆಯ ಕೆಸರು ಮೇಲೆ ಗಟ್ಟಿಕಟ್ಟಿ, ಕೆಂಪು ಸಿಮೆಂಟಿನ ಅಂಗಳದಂತೆ ಕಾಣುತ್ತಿತ್ತು. ನೇರ ದಾಟಿದರೆ ಇಪ್ಪತ್ತು ಸೆಕೆಂಡು, ಸುತ್ತಿ ಹೋದರೆ ಅರವತ್ತು. ಮೆಲ್ವಿನ್ ಮೊದಲಿನಿಂದ ನೇರ ದಾಟುತ್ತಿದ್ದ. ಫಕೀರಪ್ಪನೂ ದಾಟುತ್ತಿದ್ದ, ತುಸು ಅಳುಕಿನಿಂದ, ವೇಗ ತಗ್ಗಿಸಿ.

ಹದಿನೇಳನೆಯ ಸುತ್ತಿನಲ್ಲಿ ಆ ನೆಲ ಬೇರೆಯಾಗಿತ್ತು. ಕಾಯಿಸಿದ ಹಾಲಿನ ಕೆನೆಯ ಮೇಲೆ ಬೆರಳಿಟ್ಟಂತೆ ಅದು ಅವನ ಅಂಗಾಲಡಿಯಲ್ಲಿ ಒಮ್ಮೆ ತುಯ್ದು ಸುಮ್ಮನಾಯಿತು. ದಡ ಮುಟ್ಟಿದವನೇ ರೇಡಿಯೋ ಒತ್ತಿದ.

"ಮೇಡಂ, ಹೊಂಡದ ಮ್ಯಾಗ ಹೋಗಬ್ಯಾಡ ಅನ್ರಿ ಆ ಹುಡುಗಗ. ಮ್ಯಾಲಿನ ಪೊರೆ ಅಷ್ಟ ಐತಿ. ಕೆಳಗ ಏನೂ ಇಲ್ಲ."

ಕೊಠಡಿಯಲ್ಲಿ ಪ್ರಾಣೇಶ ಪರದೆ ನೋಡಿದ. "ಅಳತಿ ಸರಿ ಅದ. ಎರಡೂ ಗಾಡಿ ಎಳಿಗೋಳು ಗಟ್ಟಿ ನೆಲ ಅಂತನ ಹೇಳ್ತಾವ."

"ಅವ್ರಿಗೆ ಹಂಗ ಅನಸಿಲ್ಲ," ಎಂದಳು ಸುನೇತ್ರಾ.

"ಈಗ ನೀವು ಅವನ್ನ ಸುತ್ತಿ ಹೋಗಂದ್ರ, ನಿಮ್ಮ ಪಟ್ಟಿ ಗೆಲ್ಲಲಿ ಅಂತ ಹೇಳಿದ್ರಿ ಅಂತಾರ. ಈ ಓಟ ಯಾರೂ ನಂಬೂದಿಲ್ಲ."

ಅದು ನಿಜವಾಗಿತ್ತು. ಸುನೇತ್ರಾ ಒಂದು ಕ್ಷಣ ಮೈಕಿನ ಮೇಲೆ ಕೈಯಿಟ್ಟು ಕೂತಳು. ಬೂಟಿನಿಂದ ಶುರುವಾದ ನಾಲ್ಕು ವರ್ಷದ ಕೆಲಸ ಅವಳ ಕಣ್ಣಮುಂದೆ ಹಾದುಹೋಯಿತು. "ನಂಬದಿದ್ರ ಬ್ಯಾಡ," ಎಂದು ಗುಂಡಿ ಒತ್ತಿದಳು. "ಮೆಲ್ವಿನ್, ಹೊಂಡ ಬಿಡ್ರಿ. ಸುತ್ತಿ ಹೋಗ್ರಿ."

"ಯಾಕೆ ಮೇಡಂ? ಗ್ರಿಪ್ ಒಳ್ಳೇದುಂಟು," ಎಂದಿತು ರೇಡಿಯೋ. ಅಷ್ಟರಲ್ಲಿ ಅವನು ತನ್ನ ಮುಂದಿನ ಸುತ್ತಿನಲ್ಲಿ ಹೊಂಡದ ನಡುವೆಯೇ ಇದ್ದ. ಪರದೆಯ ಮೇಲಿನ ಕೆಂಪು ಅಂಗಳ ಸದ್ದಿಲ್ಲದೆ ಬಿರಿಯಿತು. ಗಾಡಿಯ ಮೂತಿ ಕೆಳಗೆ ಹೋಯಿತು, ಆಮೇಲೆ ಹ್ಯಾಂಡಲ್. ಮೆಲ್ವಿನ್ ಸೀಟಿನ ಮೇಲೆ ಹತ್ತಿ ನಿಂತ. ಸೀಟೂ ಇಳಿಯುತ್ತಿತ್ತು.

ರಕ್ಷಣೆಗೆಂದು ನಿಲ್ಲಿಸಿದ್ದ ಟ್ರ್ಯಾಕ್ಟರ್ ದಡಕ್ಕೆ ಬಂದು ಅಲ್ಲೇ ನಿಂತಿತು. ಅದರ ಭಾರಕ್ಕೆ ದಡವೇ ಕುಸಿಯತೊಡಗಿತ್ತು. ಹಗ್ಗ ಎಸೆದರೆ ಅರ್ಧಕ್ಕೂ ಮುಟ್ಟಲಿಲ್ಲ. ಫಕೀರಪ್ಪ ತಿರುಗಿ ಬಂದ. ಹಗ್ಗದ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು, "ಇದರ ಕೆಳಗ ಒಂದು ರಸ್ತೆ ಐತಿ," ಎಂದ ಟ್ರ್ಯಾಕ್ಟರಿನವನಿಗೆ. "ಹೊಂಡ ಮಾಡೂಕಿಂತ ಮೊದಲು ನಾನ ಡಂಪರ್ ಓಡಿಸೀನಿ. ಎಲ್ಲಿ ಅಂತ ಹುಡಕಬೇಕು."

ಅವನು ಹುಡುಕಿದ್ದು ಕಾಲಿನಿಂದ. ದಡದಿಂದ ಮುಂದಿನ ಚಕ್ರಗಳನ್ನಷ್ಟೇ ಪೊರೆಯ ಮೇಲೆ ಇಳಿಸುವನು, ನಿಲ್ಲುವನು, ಹಿಂದೆ ಬರುವನು, ಒಂದು ಮಾರು ಪಕ್ಕಕ್ಕೆ ಸರಿಯುವನು. ಮೂರನೆಯ ಸಲ, ತಣ್ಣನೆಯ ಗಂಜಿಯಂಥ ಕೆಸರಿನ ಅಡಿಯಲ್ಲಿ, ಬಹಳ ಆಳದಲ್ಲಿ, ಜಲ್ಲಿಯ ಗಟ್ಟಿ ಬೆನ್ನು ತಾಗಿತು. ಆ ಬೆನ್ನಿನ ಅಗಲ ಅವನಿಗೆ ಗೊತ್ತಿತ್ತು. ಅದರ ಮೇಲೇ ಹೊರಟ. ಕೆಸರು ಹಿಮ್ಮಡಿ ನುಂಗಿತು, ಕಣಕಾಲು ನುಂಗಿತು. ಮೆಟ್ಟಿಲಿನಿಂದ ಉರುಳಿದ ದಿನದ ಭಯ ಎದೆಯಲ್ಲಿ ಎದ್ದು ಕೂತಿತು. ಒಂದು ಕಡೆ ಬಲಗಾಲಿನ ಬೆರಳುಗಳ ಕೆಳಗೆ ಏನೂ ಇಲ್ಲದಾಯಿತು. ಕೂಡಲೇ ಹಿಂದೆ ಸರಿದು ಎಡಕ್ಕೆ ತಿರುಗಿದ. ಜಲ್ಲಿ ಮತ್ತೆ ಸಿಕ್ಕಿತು. ದಡದಲ್ಲಿ ನಿಂತವರಿಗೆ ಅವನು ನೀರಿನ ಮೇಲೆ ಕನಸಿನಲ್ಲಿ ಹೋಗುತ್ತಿರುವಂತೆ ಕಂಡಿತು, ಅಷ್ಟು ನಿಧಾನ.

ಹಗ್ಗದ ಒಂದು ತುದಿಯನ್ನು ಗಾಡಿಗೆ ಕಟ್ಟಿ, ಹತ್ತು ಮಾರು ದೂರದಿಂದ ಇನ್ನೊಂದು ತುದಿ ಎಸೆದ. ಮೆಲ್ವಿನ್ ಅದನ್ನು ಸೊಂಟಕ್ಕೆ ಸುತ್ತಿಕೊಂಡ. ಫಕೀರಪ್ಪ ತಿರುಗಿಸಲು ಹೋಗದೆ, ಬಂದ ದಾರಿಯಲ್ಲೇ ಹಿಂದು ಹಿಂದಕ್ಕೆ ಗಾಡಿ ನಡೆಸಿದ. ಕೆಸರಿನಿಂದ ಮೆಲ್ವಿನ್ ಮೊಸಳೆಯಂತೆ ಹೊಟ್ಟೆಯ ಮೇಲೆ ಜಾರುತ್ತ ಹೊರಬಂದ. ಅವನ ಗಾಡಿ ಅಷ್ಟು ಹೊತ್ತಿಗೆ ಕಣ್ಮರೆಯಾಗಿತ್ತು.

ದಡದಲ್ಲಿ ಹುಡುಗ ಬಹಳ ಹೊತ್ತು ಕೆಮ್ಮಿದ. ಆಮೇಲೆ ಫಕೀರಪ್ಪನ ಪಕ್ಕ ಕೂತು, "ನಿಮ್ಮದು ಎಂಥ ಕಾಲು ಮಾರಾಯ್ರೆ," ಎಂದ.

*

"ಗಡಿಯಾರ ಹೇಳಲಿ ಅಂದಿದ್ದೆ," ಎಂದ ಪ್ರಾಣೇಶ ಮರುದಿನ. "ಗಡಿಯಾರ ಏನೂ ಹೇಳಲಿಲ್ಲ." ಕೈಯಾರೆ ವರದಿ ಬರೆದು ಪಟ್ಟಿಗೆ ಒಪ್ಪಿಗೆ ಕೊಡಬೇಕೆಂದು ಮುಖ್ಯ ಕಚೇರಿಗೆ ಕಳಿಸಿದ.

ಮುಖ್ಯ ಕಚೇರಿ ಇಪ್ಪತ್ತು ಮಂದಿ ಸವಾರರನ್ನು ಕರೆಸಿ ಪಟ್ಟಿ ಕಟ್ಟಿಸಿತು. ಒಂದು ತಿಂಗಳಲ್ಲಿ ಅವರಲ್ಲಿ ಹದಿನೇಳು ಮಂದಿ ಬಿಚ್ಚಿಟ್ಟರು. ಆಟಕ್ಕೆ ಬಂದವರಿಗೆ ಕಲ್ಲಿನ ನೋವು ಬೇಕಿರಲಿಲ್ಲ. ಅವರ ಕಾಲು ಅವರಿಗೆ ಇದ್ದೇ ಇತ್ತು. ಅಷ್ಟರಲ್ಲಿ ಇನ್ನೊಂದು ನಡೆಯಿತು. ಫಕೀರಪ್ಪ ನಾಲ್ಕು ತಿಂಗಳು ಓಡಿಸಿದ್ದೆಲ್ಲ ದಾಖಲಾಗಿತ್ತು: ಎಲ್ಲಿ ಅಳುಕಿದ, ಎಲ್ಲಿ ಹಗುರಾದ, ಎಲ್ಲಿ ಪಕ್ಕಕ್ಕೆ ಸರಿದ. ಅದನ್ನು ಗಾಡಿಯ ಕಂಪ್ಯೂಟರಿಗೆ ಉಣಿಸಿದರು. ಮಂದ ವಿದ್ಯಾರ್ಥಿ ಒಮ್ಮೆಲೇ ಜಾಣನಾದ. ಪಟ್ಟಿಯಿಲ್ಲದ ಹೊಸ ಉಡ, ಮೆಲ್ವಿನ್ನನ ಕೈಯಲ್ಲಿ, ಅವನದೇ ಹಳೆಯ ಸಮಯವನ್ನು ಸುತ್ತಿಗೆ ಹನ್ನೊಂದು ಸೆಕೆಂಡು ಹಿಂದಿಕ್ಕಿತು. ಹಾಗಾಗಿ ಪಟ್ಟಿ ಬೇಡವಾಯಿತು.

ಸುನೇತ್ರಾ ಈ ಸುದ್ದಿ ಹೇಳಿದಾಗ ಫಕೀರಪ್ಪ ಪಟ್ಟಿಯನ್ನು ತಾನೇ ಬಿಚ್ಚಿ, ಮಡಿಸಿ, ಅವಳ ಮೇಜಿನ ಮೇಲಿಟ್ಟ. "ಗಾಡಿ ಕಲ್ತತಲ್ರಿ, ಛಲೋ ಆತು," ಎಂದ. ಅಂದು ಮನೆಗೆ ಹೋಗುವಾಗ ಮೂರು ಸಲ ಎಡವಿದ.

ಒಂದು ವಾರ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಜ್ವರವಿರಲಿಲ್ಲ, ನೋವಿರಲಿಲ್ಲ. ನೋವಿಲ್ಲದ್ದೇ ಕಷ್ಟವಾಗಿತ್ತು. ಎಂಟನೆಯ ದಿನ ಹುಲಿಗೆಮ್ಮ ಅಂಗನವಾಡಿಯ ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ ನೇರ ತಗಡಿನ ಶೆಡ್ಡಿಗೆ ಬಂದಳು. ಸುನೇತ್ರಾ, ಪ್ರಾಣೇಶ ಇಬ್ಬರೂ ಅಲ್ಲೇ ಇದ್ದರು. ಕೂರಿರೆಂದರೂ ಕೂರಲಿಲ್ಲ.

"ನಿಮ್ಮ ಗಾಡಿಗಿ ಸಂಡೂರು ಮಣ್ಣು ಗೊತ್ತಾತು. ಹೌದಿಲ್ರಿ?"

"ಹೌದ್ರಿ ಬಾಯಾರ," ಎಂದ ಪ್ರಾಣೇಶ.

"ಎರಿಭೂಮಿ ಗೊತ್ತೈತೇನ್ರಿ? ಮಳಿ ಬಿದ್ದಾಗ ಕಾಲು ಹೆಂಗ ಹಿಡ್ಕೋತೈತಿ ಅಂತ? ಹೊಳಿ ಉಸುಕು? ಸಮುದ್ರದ ದಂಡಿ?"

ಸುನೇತ್ರಾ ಇಲ್ಲವೆಂದು ತಲೆಯಾಡಿಸಿದಳು.

"ನಾ ಅಂಗನವಾಡಿ ಟೀಚರ್ ಅದೀನ್ರಿ. ಕೂಸಿಗಿ 'ಅ' ಅಂತ ಒಂದಕ್ಷರ ಕಲಿಸಿ, ಕಲ್ತಾತು ಅಂತ ಶಾಲಿ ಬಾಗಲಾ ಹಾಕೂದಿಲ್ಲ ನಾವು." ಸೆರಗು ಸರಿಮಾಡಿಕೊಂಡು, "ಅವ್ರಿಗಿ ಇದು ಹೇಳಾಕ ಬರೂದಿಲ್ಲ. ಅದಕ್ಕ ನಾ ಬಂದೆ," ಎಂದು ಸೇರಿಸಿದಳು.

ಪ್ರಾಣೇಶ ಕಿಟಕಿಯಾಚೆ ನೋಡುತ್ತ ಕೂತ. ನಗುತ್ತಿದ್ದನೋ ಏನೋ. "ಬಾಯಾರ ಹೇಳಿದ್ದು ಸರಿ ಅದ," ಎಂದ ಕೊನೆಗೆ ಸುನೇತ್ರಾಳಿಗೆ. "ಒಂದು ಗಾಡಿ, ಒಂದು ಪಟ್ಟಿ ಇಟಗೊಳ್ರಿ. ಎಷ್ಟು ನಮೂನಿ ಮಣ್ಣು ಅವ, ಯಾದಿ ಮಾಡ್ರಿ."

*

ಈಗ ಉಡ ಮಾರುಕಟ್ಟೆಗೆ ಬಂದು ಎರಡು ವರ್ಷವಾಯಿತು. ದೂರದ ಮರಳುಗಾಡುಗಳಲ್ಲಿ, ಹಿಮ ಕರಗಿದ ಕಣಿವೆಗಳಲ್ಲಿ ಅದು ಪಂದ್ಯಗಳನ್ನು ಗೆಲ್ಲುತ್ತದೆ. ಓಡಿಸುವವರು ಒಂದು ವಿಚಿತ್ರ ಹೇಳುತ್ತಾರೆ: ಕೆಲವು ಕಡೆ, ಕಣ್ಣಿಗೆ ನೆಲ ಚೆನ್ನಾಗಿಯೇ ಕಂಡರೂ, ಗಾಡಿ ಒಂದು ಚೂರು ಹಿಂಜರಿದು ಪಕ್ಕಕ್ಕೆ ಸರಿಯುತ್ತದೆ, ಯಾರೋ ಅಂಗಾಲು ಎತ್ತಿಕೊಂಡ ಹಾಗೆ. ಅದು ಯಾರ ಅಂಗಾಲೆಂದು ಅವರಿಗೆ ಗೊತ್ತಿಲ್ಲ. ಸುನೇತ್ರಾಳ ಬೂಟು ಈಗ ಮೂರು ಗಂಟೆ ಬಾಳುತ್ತದೆ. ಇನ್ನೂ ಸಾಲದು, ಅವಳು ಬಿಟ್ಟಿಲ್ಲ.

ಫಕೀರಪ್ಪ ಮಣ್ಣಿಂದ ಮಣ್ಣಿಗೆ ಹೋಗುತ್ತಾನೆ. ಸಿರುಗುಪ್ಪದ ಎರೆಭೂಮಿಯಲ್ಲಿ ಒಂದು ಮಳೆಗಾಲ ಕಳೆದ. ತುಂಗಭದ್ರೆಯ ಉಸುಕಿನಲ್ಲಿ ಒಂದು ಬೇಸಿಗೆ. ಹೋದ ಡಿಸೆಂಬರಿನಲ್ಲಿ ಕುಮಟಾದ ಹತ್ತಿರ ಸಮುದ್ರದ ದಂಡೆಯ ಕೆಲಸವಿತ್ತು. ಅಂಗನವಾಡಿಗೆ ರಜೆ ಹಾಕಿ ಹುಲಿಗೆಮ್ಮನೂ ಜೊತೆಗೆ ಹೋದಳು. ಇಬ್ಬರೂ ಅದುವರೆಗೆ ಸಮುದ್ರ ನೋಡಿರಲಿಲ್ಲ.

ಬೆಳಗಿನ ಎಂಟು ಗಂಟೆ. ಮೀನುಗಾರರ ದೋಣಿಗಳು ಆಗಲೇ ದಡ ಸೇರಿದ್ದವು. ಹಿಂದಿನ ಸೀಟಿನಲ್ಲಿ ಅವಳನ್ನು ಕೂಡಿಸಿಕೊಂಡು ಅವನು ಒಣ ಮರಳಿನಿಂದ ಹಸಿ ಮರಳಿಗೆ, ಹಸಿಯಿಂದ ನೀರಿನ ಅಂಚಿಗೆ ನಿಧಾನ ಇಳಿದ. ಗಾಡಿ ನಿಲ್ಲಿಸಿದ. ಹುಲಿಗೆಮ್ಮ ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಇಳಿದು, ಮುಂದಿನ ಚಕ್ರದ ಪಕ್ಕದಲ್ಲಿ ನಿಂತಳು. ಅಲೆಯೊಂದು ಬಂತು. ಚಕ್ರವನ್ನೂ ಅವಳ ಕಾಲನ್ನೂ ಒಟ್ಟಿಗೆ ಮುಳುಗಿಸಿ, ನೊರೆ ಬಿಟ್ಟು, ವಾಪಸು ಹೊರಟಿತು. ಹೊರಟ ನೀರು ಕಾಲಡಿಯ ಮರಳನ್ನು ಮೆಲ್ಲಗೆ ಕೆದಕಿ ಕೆದಕಿ ಒಯ್ಯತೊಡಗಿತು.

ಹುಲಿಗೆಮ್ಮ ಗಾಬರಿಯಾಗಿ ಅವನ ತೋಳು ಹಿಡಿದಳು. ಸೀಟಿನ ಮೇಲಿದ್ದ ಅವನೂ ಅದೇ ಗಳಿಗೆಗೆ ಅವಳ ಕೈ ಹಿಡಿದಿದ್ದ.

"ಕೆಳಗಿಂದು ಹೊಂಟೈತಿ," ಎಂದಳು ಅವಳು.

"ಹೂಂ," ಎಂದ. "ಹಿಮ್ಮಡಿ ಕಡೆಯಿಂದ."

ಅವಳು ಕೆಳಗೆ ನೋಡಿಕೊಂಡಳು. ಮರಳು ಹಿಮ್ಮಡಿಯ ಕಡೆಯಿಂದಲೇ ಜಾರುತ್ತಿತ್ತು. ಇನ್ನೊಂದು ಅಲೆ ದೂರದಲ್ಲಿ ಏಳುತ್ತಿತ್ತು. ಇಬ್ಬರೂ ಸರಿಯದೆ ಅದಕ್ಕಾಗಿ ನಿಂತರು.